ಎಲೆ ನಾಲ್ಕು

ಬಹರೈನಿನ ಮುಹರ್ರಕ್ ಪಟ್ಟಣದ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ, ಎರಡನೆಯ ಮಹಡಿಯಲ್ಲಿದ್ದ ನಮ್ಮ ಮನೆಯಲ್ಲಿ ಊಟದ ಮೇಜೊಂದಿತ್ತು. ಆದರೆ ಅಲ್ಲಿ ಯಾರೂ ಊಟ ಮಾಡುತ್ತಿರಲಿಲ್ಲ. ನಮಗಿಂತ ಮೊದಲು ಬಾಡಿಗೆಗಿದ್ದವರು ಕೆಳಗಿಳಿಸಲಾರದೆ ಬಿಟ್ಟುಹೋದ ಆ ಮೇಜನ್ನು ಅಪ್ಪಯ್ಯ ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಅದರ ಮೇಲೆ ಅಮ್ಮನ ಎಂಟು ಟಿಫಿನ್ ಕ್ಯಾರಿಯರುಗಳು, ನನ್ನ ಪಠ್ಯಪುಸ್ತಕಗಳು, ಇಸ್ತ್ರಿ ಪೆಟ್ಟಿಗೆ, ಊರಿನಿಂದ ಬಂದ ಕಾಗದಗಳ ಕಟ್ಟು ಇರುತ್ತಿದ್ದವು. ನಾಲ್ಕು ಕುರ್ಚಿಗಳಲ್ಲಿ ಒಂದು ಬಟ್ಟೆ ಹರವಲು, ಇನ್ನೊಂದು ಮೇಲಿನ ಹಲಗೆಯ ಡಬ್ಬಿ ಇಳಿಸಲು ಬಳಕೆಯಾಗುತ್ತಿತ್ತು. ನಾವು ಮೂವರೂ ಅಡುಗೆಮನೆಯ ನೆಲದ ಮೇಲೆ, ಗ್ಯಾಸ್ ಸಿಲಿಂಡರಿನ ಪಕ್ಕ ಕುಳಿತು ಉಣ್ಣುತ್ತಿದ್ದೆವು. ವಿಮಾನ ನಿಲ್ದಾಣ ಹತ್ತಿರವಿದ್ದುದರಿಂದ ಊಟದ ನಡುವೆ ಒಂದೆರಡು ಬಾರಿಯಾದರೂ ಕಿಟಕಿಯ ಗಾಜು ನಡುಗುತ್ತಿತ್ತು. ವಿಮಾನ ಬಂದಾಗ ಮಾತು ನಿಲ್ಲಿಸಿ, ಅದು ದಾಟಿದ ಮೇಲೆ ನಿಂತಲ್ಲಿಂದಲೇ ಮುಂದುವರಿಸುವುದು ನಮಗೆ ರೂಢಿಯಾಗಿತ್ತು. ಊರಿಗೆ ಹೋದಾಗಲೂ ಅಮ್ಮ ಕೆಲವೊಮ್ಮೆ ಮಾತಿನ ನಡುವೆ ಕಾರಣವಿಲ್ಲದೆ ಸುಮ್ಮನಾಗುತ್ತಿದ್ದಳು. ಊರಿನವರು ಅದನ್ನು ಗರ್ವವೆಂದು ತಿಳಿದರು.

ಆ ಮನೆಯನ್ನು ನೆನೆದಾಗ ನನಗೆ ಮೊದಲು ನೆನಪಾಗುವುದು ಅಮ್ಮನ ದಣಿವು. ಸಲ್ಮಾಬಾದಿನ ವರ್ಕ್‌ಶಾಪುಗಳಲ್ಲಿ ದುಡಿಯುತ್ತಿದ್ದ, ಹೆಂಡತಿ ಮಕ್ಕಳನ್ನು ಊರಿನಲ್ಲಿ ಬಿಟ್ಟು ಬಂದಿದ್ದ ಎಂಟು ಮಂದಿಗೆ ಅವಳು ಮಧ್ಯಾಹ್ನದ ಊಟ ಕಳುಹಿಸುತ್ತಿದ್ದಳು. ನಾನು ಈಸಾ ಟೌನಿನ ಶಾಲೆಯ ಬಸ್ಸಿಗೆ ಇಳಿಯುವ ಹೊತ್ತಿಗೆ ಎಂಟು ಕ್ಯಾರಿಯರುಗಳೂ ತುಂಬಿ ಬಾಗಿಲ ಬಳಿ ಸಾಲಾಗಿ ನಿಂತಿರುತ್ತಿದ್ದವು. ಎದುರು ಮನೆಯ ಮೈಮೂನಕ್ಕನ ಗಂಡ ಹಮೀದಣ್ಣ ಅಪ್ಪಯ್ಯನ ಕಂಪನಿಯಲ್ಲೇ ಡ್ರೈವರ್. ಅವರು ತಮ್ಮ ಗಾಡಿಯಲ್ಲಿ ಕ್ಯಾರಿಯರುಗಳನ್ನು ಒಯ್ದು, ಸಂಜೆ ಖಾಲಿ ಮಾಡಿಸಿ ತರುತ್ತಿದ್ದರು. ಅಪ್ಪಯ್ಯ ಅದೇ ಕಂಪನಿಯ ಗೋದಾಮಿನ ಕಚೇರಿಯಲ್ಲಿ ಟೈಪಿಸ್ಟ್. ಅವರು ತಪ್ಪಿಲ್ಲದೆ ಟೈಪ್ ಮಾಡುತ್ತಿದ್ದರು; ಆದರೆ ತಾವು ಟೈಪ್ ಮಾಡಿದ್ದನ್ನು ಪೂರ್ತಿಯಾಗಿ ಅರ್ಥ ಮಾಡಿಕೊಳ್ಳುತ್ತಿದ್ದರೆಂದು ಹೇಳಲಾರೆ. ಅಮ್ಮ ನಾಲ್ಕನೆಯ ತರಗತಿಯವರೆಗೆ ಓದಿದವಳು. ಹೀಗಾಗಿ ಹನ್ನೆರಡು ವರ್ಷದ ನಾನು ಆ ಮನೆಯ ಇಂಗ್ಲಿಷ್ ಆಗಿದ್ದೆ. ಔಷಧಿಯ ಚೀಟಿ, ವೀಸಾದ ಅರ್ಜಿ, ಕೆಳಗಿನ ಅಂಗಡಿಯ ಮೊಸರಿನ ಡಬ್ಬಿಯ ಮೇಲಿನ ಬರಹ, ಎಲ್ಲವೂ ನನ್ನ ಕಣ್ಣ ಮುಂದೆ ಹಾದುಹೋಗಬೇಕಿತ್ತು. ನಾನು ಓದಿ ಹೇಳಿದ ಮೇಲೆ ಅದನ್ನು ಪರೀಕ್ಷಿಸುವವರು ಇರಲಿಲ್ಲ. ನಾನು ತಪ್ಪಿದರೆ ಮನೆ ಪೂರ್ತಿ ತಪ್ಪುತ್ತದೆ ಎಂಬ ಹೆದರಿಕೆ ನನಗೆ ಹತ್ತಿದ್ದು ಅಲ್ಲಿ. ಮುಂದೆ ಪದವಿ ಪಡೆದರೂ ಅದು ಬಿಡಲಿಲ್ಲ. ಈ ವಾಕ್ಯವನ್ನು ಬರೆಯುವಾಗಲೂ ಎರಡು ಬಾರಿ ಹೊಡೆದುಹಾಕಿದ್ದೇನೆ.

ಆ ವರ್ಷ ಕಂಪನಿ ಒಂದು ಹೊಸ ನಿಯಮ ತಂದಿತ್ತು. ಗುಮಾಸ್ತರ ದರ್ಜೆಯವರು ಹೆಂಡತಿ ಮಕ್ಕಳನ್ನು ಇಲ್ಲಿಯೇ ಇರಿಸಿಕೊಳ್ಳಬೇಕಾದರೆ, ಪ್ರತಿವರ್ಷವೂ ಮ್ಯಾನೇಜರ್ ಅದಕ್ಕೆ ಒಂದು ಶಿಫಾರಸು ಪತ್ರ ಕೊಡಬೇಕು. ಪತ್ರವಿಲ್ಲದಿದ್ದರೆ ಫ್ಯಾಮಿಲಿ ವೀಸಾ ಇಲ್ಲ. ಡಿಸೆಂಬರಿನಲ್ಲಿ ನಮ್ಮ ವೀಸಾದ ಅವಧಿ ಮುಗಿಯುವುದಿತ್ತು. ಅದು ಮುಂದುವರಿಯದಿದ್ದರೆ ಅಮ್ಮ ಮತ್ತು ನಾನು ಊರಿಗೆ, ಅಪ್ಪಯ್ಯ ಸಲ್ಮಾಬಾದಿನ ಕಾರ್ಮಿಕರ ವಸತಿಯಲ್ಲಿ ಒಂದು ಮಂಚಕ್ಕೆ. ಮದುವೆಯಾದ ಮೇಲಿನ ಆರು ವರ್ಷಗಳನ್ನು ಅಮ್ಮ ಹಾಗೆಯೇ, ಊರಿನಲ್ಲಿ ಅಪ್ಪಯ್ಯನ ಕಾಗದಗಳಿಗೆ ಕಾಯುತ್ತ ಕಳೆದಿದ್ದಳು. ಆ ಕುರಿತು ಅವಳು ಹೆಚ್ಚು ಮಾತನಾಡುತ್ತಿರಲಿಲ್ಲ. ಒಮ್ಮೆ ಮಾತ್ರ, ಕ್ಯಾರಿಯರಿನ ಮುಚ್ಚಳ ಹಾಕುತ್ತ ಮೈಮೂನಕ್ಕನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು:

“ಊರಿಗ್ ಹೋರೆ ನಾನ್ ಮತ್ತೆ ಕಾಗ್ದದ್ ಹೆಂಡ್ತಿ.”

ಪತ್ರ ಕೊಡಬೇಕಾದ ಮ್ಯಾನೇಜರ್ ಅಮೆರಿಕದವರು. ಅರವತ್ತರ ಹತ್ತಿರದ, ಹೆಚ್ಚು ಮಾತಿಲ್ಲದ ಮನುಷ್ಯ. ಅವರನ್ನು ಮನೆಯಲ್ಲಿ ನಾವು ಸಾಹೇಬರೆಂದೇ ಕರೆಯುತ್ತಿದ್ದೆವು. ನವೆಂಬರ್ ಮೊದಲ ವಾರದ ಒಂದು ಸಂಜೆ ಅಪ್ಪಯ್ಯ ಮನೆಗೆ ಬಂದವರು ಚಪ್ಪಲಿ ಕಳಚದೆ ಬಾಗಿಲಲ್ಲೇ ನಿಂತರು.

“ಕೇಂಡ್ಯಾ? ಸಾಹೇಬ್ರನ್ನ ಊಟಕ್ಕ್ ಕರ್ದೆ.”

“ಎಲ್ಲಿಗ್?” ಎಂದಳು ಅಮ್ಮ.

“ಇಲ್ಲಿಗೇ. ಈ ತಿಂಗಳ್ ಕಡೀ ಗುರುವಾರ ಅವ್ರ್ ದೇಶದ್ ದೊಡ್ಡ ಹಬ್ಬ ಅಂಬ್ರ್. ಹೆಂಡ್ತಿ ತಾಯಿನ್ ಕಾಂಬುಕ್ ಅಲ್ಲಿಗ್ ಹೋಯ್ರ್. ‘ಈ ಸಲ ನಾನೊಬ್ನೇ ಉಣ್ಕ್’ ಅಂದ್ರ್. ನನ್ ಬಾಯಲ್ಲ್ ಬಂದೇ ಹೋಯ್ತ್, ನಮ್ಮನಿಗ್ ಬನ್ನಿ ಅಂದೇಳಿ.”

“ಬತ್ತೆ ಅಂದ್ರಾ?”

“ಬತ್ತೆ ಅಂದ್ರ್.”

ಅಮ್ಮ ಕೈಯಲ್ಲಿದ್ದ ಸೌಟನ್ನು ಪಾತ್ರೆಯ ಅಂಚಿಗೆ ಒರಗಿಸಿದಳು. ನಿಯಮ, ಪತ್ರ, ಡಿಸೆಂಬರ್ ಇವುಗಳಲ್ಲಿ ಯಾವುದನ್ನೂ ಯಾರೂ ಹೆಸರಿಸಲಿಲ್ಲ. ಆದರೆ ಮೂವರ ತಲೆಯಲ್ಲೂ ಇದ್ದುದು ಅದೇ.

“ಅವ್ರ್ ಎಂತ ಉಂತ್ರ್ ಅಂದೇಳಿ ನಂಗೆಂತ ಗೊತ್ತ್?” ಎಂದಳು ಅಮ್ಮ.

“ಹೆಣ್ಣ್ ಇತ್ತಲೆ,” ಎಂದರು ಅಪ್ಪಯ್ಯ ನನ್ನತ್ತ ನೋಡಿ. “ಪುಸ್ತಕ ಕಂಡ್ ಬರ್ದ್ ಕೊಡತ್ತ್.”

ಮರುದಿನವೇ ನಾನು ಶಾಲೆಯ ಗ್ರಂಥಾಲಯದಲ್ಲಿ ವಿಶ್ವಕೋಶದ ಕೊನೆಯ ಸಂಪುಟಗಳಲ್ಲೊಂದನ್ನು ತೆಗೆಸಿ, ಥ್ಯಾಂಕ್ಸ್‌ಗಿವಿಂಗ್ ಎಂಬ ಹಬ್ಬದ ವಿವರಣೆಯನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಹಮೀದಣ್ಣ ಕಂಪನಿಯ ಅತಿಥಿಗೃಹದಿಂದ ಯಾರೋ ಓದಿ ಬಿಸಾಡಿದ ಅಮೆರಿಕದ ಹೆಂಗಸರ ಪತ್ರಿಕೆಯೊಂದನ್ನು ತಂದುಕೊಟ್ಟರು. ಅದರ ನಡುವಿನ ಎರಡು ಪುಟಗಳಲ್ಲಿ ಹರಡಿಕೊಂಡ ಬಣ್ಣದ ಚಿತ್ರವಿತ್ತು. ಉದ್ದನೆಯ ಮೇಜು, ನಡುವೆ ಕಂದು ಬಣ್ಣಕ್ಕೆ ಹುರಿದ ಇಡೀ ಹಕ್ಕಿ, ಸುತ್ತಲೂ ಬಟ್ಟಲುಗಳು. ಮೇಜಿನ ಸುತ್ತ ಹನ್ನೊಂದು ಮಂದಿ ಕುಳಿತಿದ್ದರು. ಅಜ್ಜನಿಂದ ಎತ್ತರದ ಕುರ್ಚಿಯ ಮಗುವಿನವರೆಗೆ. ನಾನು ಅವರನ್ನು ಎಣಿಸಿದ್ದೆ. ಎಣಿಸಿ, ಪುಟದ ಬದಿಯಲ್ಲಿದ್ದ ಪದಾರ್ಥಗಳ ಹೆಸರುಗಳನ್ನು ಮಾತ್ರ ಬರೆದುಕೊಂಡೆ.

ಮೂರು ವಾರಗಳ ಕಾಲ ಆ ಪಟ್ಟಿ ನಮ್ಮ ಮನೆಯನ್ನು ಆಳಿತು. ಅಪ್ಪಯ್ಯ ಮನಾಮಾದ ದೊಡ್ಡ ಅಂಗಡಿಯ ಶೀತಪೆಟ್ಟಿಗೆಯಲ್ಲಿ ಟರ್ಕಿ ಕೋಳಿಯನ್ನು ತೋರಿಸಲು ನಮ್ಮನ್ನು ಬಸ್ಸಿನಲ್ಲಿ ಕರೆದೊಯ್ದರು. ಅಮ್ಮ ಅದನ್ನು ಎರಡೂ ಕೈಗಳಲ್ಲಿ ಎತ್ತಿ, ಕಲ್ಲಿನಂತೆ ಹೆಪ್ಪುಗಟ್ಟಿದ್ದನ್ನು ಕಂಡು ತಿರುಗಿ ಇಟ್ಟಳು. ನಮ್ಮ ಮನೆಯಲ್ಲಿ ಅದು ಹಿಡಿಯುವ ಪಾತ್ರೆಯೂ ಇರಲಿಲ್ಲ, ಒಲೆಯೂ ಇರಲಿಲ್ಲ.

“ಇದ್ರ್ ಕಾಲ್ ಒಂದ್ ಬೇಯುಕೇ ಒಂದ್ ದಿನ ಬೇಕ್,” ಎಂದಳು. “ಎರಡ್ ಊರ್ಕೋಳಿ ಸಾಕ್.”

ಇದರ ಮೇಲೆ ಎರಡು ದಿನ ಜಗಳ ನಡೆಯಿತು. ಟರ್ಕಿ ಇಲ್ಲದ ಊಟಕ್ಕೆ ಸಾಹೇಬರು ಏನೆಂದುಕೊಳ್ಳುತ್ತಾರೆ ಎಂಬುದು ಅಪ್ಪಯ್ಯನ ವಾದ. ಬೇಯದ ಟರ್ಕಿ ತಿಂದರೆ ಏನೆಂದುಕೊಳ್ಳುತ್ತಾರೆ ಎಂಬುದು ಅಮ್ಮನದು. ಮೈಮೂನಕ್ಕ ಸಂಜೆ ಚಹಾಕ್ಕೆ ಬಂದವರು ನನ್ನ ಪಟ್ಟಿಯನ್ನು ಓದಿಸಿ ಕೇಳಿದರು. ಸ್ಟಫಿಂಗ್ ಎಂದರೆ ಹಕ್ಕಿಯ ಹೊಟ್ಟೆಯೊಳಗೆ ಬ್ರೆಡ್ಡಿನ ತುಂಡುಗಳನ್ನು ತುಂಬುವುದು ಎಂದು ನಾನು ವಿವರಿಸಿದೆ.

“ಸತ್ತ ಕೋಳಿಗೆ ಎಂತ ಹಸಿವು ಮಾರಾಯ್ತಿ?” ಎಂದರು ಮೈಮೂನಕ್ಕ. “ನಮ್ಮ ಮದುವೆಗಳಲ್ಲಿ ಆಡಿನ ಒಳಗೆ ಕೋಳಿ ಇಡ್ತಾರೆ, ಕೋಳಿ ಒಳಗೆ ಮೊಟ್ಟೆ ಇಡ್ತಾರೆ. ಬ್ರೆಡ್ ಇಡುದನ್ನು ನಾನು ಕಂಡದ್ದೇ ಇಲ್ಲ.”

“ನಗಾಡ್ಬೇಡಿ ಮೈಮೂನಕ್ಕ,” ಎಂದಳು ಅಮ್ಮ. “ನಂಗ್ ರಾತ್ರಿ ನಿದ್ರಿ ಬತ್ತಿಲ್ಲ.”

“ನಗಾಡುದಲ್ಲ ಗಿರಿಜಕ್ಕ. ಕೋಳಿ ನನಗೆ ಬಿಡಿ. ನನ್ನ ಅಡುಗೆಮನೆಯಲ್ಲಿ ಇಡೀ ಕೋಳಿಯೇ ಹುರಿದು ಕೊಡ್ತೇನೆ. ನೀವು ಉಳಿದದ್ದು ನೋಡಿ.”

ಕೋಳಿ ಎದುರು ಮನೆಗೆ ದಾಟಿದ್ದು ಬೇರೊಂದು ಕಾರಣಕ್ಕೂ ಅನುಕೂಲವಾಯಿತು. ಅದೇ ವಾರ ಊರಿನಿಂದ ಅಜ್ಜಿ ಕಳುಹಿಸಿದ ಹೊಸ ಅಕ್ಕಿ ಬಂದು ತಲುಪಿತು. ನಮ್ಮ ಕುಂದಾಪುರದ ಕಡೆ ವರ್ಷದ ಮೊದಲ ಬೆಳೆಯ ಅಕ್ಕಿಯನ್ನು ಬೇಯಿಸಿ ಉಣ್ಣುವ ದಿನವನ್ನು ಹೊಸ್ತು ಎನ್ನುತ್ತಾರೆ. ಅಂದು ಅಡುಗೆಮನೆಯೊಳಗೆ ಮೀನು ಮಾಂಸ ಬರುವಂತಿಲ್ಲ. ಮನೆಯವರೆಲ್ಲರೂ ಒಂದೇ ಸಾಲಿನಲ್ಲಿ ಎಲೆ ಹಾಕಿ ಕೂರಬೇಕು. ಮೊದಲ ತುತ್ತಿಗೆ ಮುನ್ನ ಪ್ರತಿಯೊಬ್ಬರೂ ತಮಗಿಂತ ಹಿರಿಯರಾದವರ ಕಡೆ ತಿರುಗಿ ‘ಹೊಸ್ತ್ ಉಂತೆ’ ಎಂದು ಕೇಳಬೇಕು. ಹಿರಿಯರು ‘ಉಣ್ಣ್’ ಎಂದು ಅಪ್ಪಣೆ ಕೊಡಬೇಕು. ಕೇಳದೆ ಉಂಡರೆ ಹೊಸ್ತು ಆಗುವುದಿಲ್ಲ. ಬಹರೈನಿನಲ್ಲಿ ನಮಗೆ ಗದ್ದೆಯಿರಲಿಲ್ಲ. ಯಾರಾದರೂ ಊರಿನಿಂದ ಬರುವಾಗ ಪೆಟ್ಟಿಗೆಯಲ್ಲಿ ತರುವ ಒಂದು ಸೇರು ಅಕ್ಕಿ ಮತ್ತು ನಾಲ್ಕು ಭತ್ತದ ತೆನೆಗಳೇ ನಮ್ಮ ಬೆಳೆ. ಆ ವರ್ಷ ಅದನ್ನು ತರಬೇಕಾದವರ ರಜೆ ಮುಂದೆ ಹೋಗಿ, ನವರಾತ್ರಿಯ ಹೊತ್ತಿಗೆ ಬರಬೇಕಾದ ಅಕ್ಕಿ ನವೆಂಬರಿನಲ್ಲಿ ಬಂದಿತ್ತು.

ಅಮ್ಮ ತೆನೆಗಳನ್ನು ಅಡುಗೆಮನೆಯ ಕಿಟಕಿಯ ಸರಳಿಗೆ ಕಟ್ಟಿ, ನನ್ನ ನೋಟ್‌ಬುಕ್ಕನ್ನು ತರಿಸಿದಳು.

“ಆ ಹಬ್ಬ ಎಂತಕ್ಕ್ ಮಾಡುದ್ ಅಂದೇಳಿ ಬರ್ದಿರ್? ಇನ್ನೊಂದ್ ಸಲ ಓದ್.”

ದೂರದಿಂದ ಬಂದು ನೆಲೆಸಿದವರು ಹೊಸ ನೆಲದಲ್ಲಿ ಮೊದಲ ಬೆಳೆ ಕೈಗೆ ಬಂದಾಗ ಕೃತಜ್ಞತೆಯಿಂದ ಮಾಡಿದ ಊಟ ಎಂದು ನಾನು ಓದಿ, ಕನ್ನಡದಲ್ಲಿ ಹೇಳಿದೆ.

“ಹಾಂಗಾರೆ ಅದ್ ಹೊಸ್ತೇ ಅಲ್ದಾ?” ಎಂದಳು ಅಮ್ಮ.

ಅವಳು ಅಂದಿನಿಂದ ಹಗುರವಾದಳು. ಅಪ್ಪಯ್ಯ ಗೊಣಗಿದರು, ಸಾಹೇಬರಿಗೆ ತಟ್ಟೆ, ಚಮಚ, ಫೋರ್ಕು ಬೇಕು, ಎಲೆ ಸಲ್ಲದು ಎಂದರು. ತಟ್ಟೆಯ ಮೇಲೆಯೇ ಎಲೆ ಹಾಸಿ, ಪಕ್ಕದಲ್ಲಿ ಚಮಚ ಇಡುವುದೆಂದು ತೀರ್ಮಾನವಾಯಿತು. ಅಮ್ಮ ಹಳೆಯ ಕ್ಯಾಲೆಂಡರಿನ ಹಾಳೆಯೊಂದರ ಹಿಂಬದಿಯಲ್ಲಿ, ತನ್ನ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಕೊನೆಯ ಪಟ್ಟಿಯನ್ನು ಬರೆದಳು. ಆಲೂಗಡ್ಡೆಯನ್ನು ಹಿಚುಕಿ, ಸಾಸಿವೆಯಿಲ್ಲದೆ ಬೆಣ್ಣೆ ಹಾಕಿದ ಪಲ್ಯ. ಬೀನ್ಸ್. ಪತ್ರಿಕೆಯಲ್ಲಿದ್ದ ಕೆಂಪು ಹಣ್ಣಿನ ಸಾಸಿನ ಬದಲಿಗೆ ಹುಣಸೆ ಬೆಲ್ಲದ ಗೊಜ್ಜು. ಸೌತೆಕಾಯಿ ಹುಳಿ. ಪಂಪ್ಕಿನ್ ಪೈ ಬದಲಿಗೆ ಸಿಹಿಗುಂಬಳದ ಕಡುಬು. ಮೈಮೂನಕ್ಕನ ಕೋಳಿ, ಬೇರೆ ತಟ್ಟೆಯಲ್ಲಿ. ಅನ್ನ. ಹೊಸ ಅಕ್ಕಿಯ ಪಾಯಸ. ಎಲ್ಲದರ ಕೆಳಗೆ, ಉಳಿದದ್ದಕ್ಕಿಂತ ಸ್ವಲ್ಪ ದೊಡ್ಡದಾಗಿ, ‘ಎಲೆ ನಾಲ್ಕು’ ಎಂದು ಬರೆದಿದ್ದಳು.

ಆ ಪಟ್ಟಿಯನ್ನು ಇಂಗ್ಲಿಷಿಗೆ ತರುವ ಕೆಲಸ ನನ್ನದು. ಅಪ್ಪಯ್ಯ ಅದನ್ನು ಕಚೇರಿಯ ಯಂತ್ರದಲ್ಲಿ ಟೈಪ್ ಮಾಡಿ, ಸಾಹೇಬರ ತಟ್ಟೆಯ ಪಕ್ಕದಲ್ಲಿ ಇಡುವವರಿದ್ದರು. ದೊಡ್ಡ ಹೋಟೆಲುಗಳಲ್ಲಿ ಹಾಗೆ ಇಡುವುದನ್ನು ಅವರು ಒಮ್ಮೆ ಕಂಡಿದ್ದರು. ನಾನು ಐದು ಬಾರಿ ಬರೆದೆ. ಗೊಜ್ಜಿಗೆ ಯಾವ ಹೆಸರು, ಹುಳಿಗೆ ಯಾವ ಹೆಸರು ಎಂದು ನಿಘಂಟನ್ನು ತಿರುವಿದೆ. ಐದನೆಯ ಪ್ರತಿ ನನಗೆ ಒಪ್ಪಿಗೆಯಾಯಿತು. ಅದರಲ್ಲಿ ಒಂದೇ ಒಂದು ತಿದ್ದುಪಡಿಯೂ ಇರಲಿಲ್ಲ. ಅಮ್ಮನ ಕೊನೆಯ ಸಾಲಿಗೆ ಬಂದಾಗ ನನ್ನ ಪೆನ್ನು ನಿಂತಿತು. ಎಲೆ ಪದಾರ್ಥವಲ್ಲ. ಪತ್ರಿಕೆಯ ಪಟ್ಟಿಯಲ್ಲಿ ತಟ್ಟೆಗಳ ಸಂಖ್ಯೆ ಎಲ್ಲಿಯೂ ಇರಲಿಲ್ಲ. ಇಂಥದ್ದನ್ನು ಓದಿದರೆ ಸಾಹೇಬರು ನಮ್ಮನ್ನು ಏನೂ ತಿಳಿಯದವರೆಂದುಕೊಂಡಾರು ಎಂದು ನನಗೆ ನಾಚಿಕೆಯಾಯಿತು. ನಾನು ಆ ಸಾಲನ್ನು ಬಿಟ್ಟು, ಕೆಳಗೊಂದು ಗೆರೆ ಎಳೆದು ಅಪ್ಪಯ್ಯನ ಕೈಗೆ ಕೊಟ್ಟೆ.

ಅಲ್ಲಿ ವಾರದ ಕೊನೆ ಗುರುವಾರ ಮತ್ತು ಶುಕ್ರವಾರ. ಹಾಗಾಗಿ ಹಬ್ಬದ ಗುರುವಾರ ನನಗೆ ಶಾಲೆಯಿರಲಿಲ್ಲ, ಅಪ್ಪಯ್ಯನಿಗೆ ಅರ್ಧ ದಿನದ ಕೆಲಸ. ಅಮ್ಮ ಅಂದೂ ಎಂಟು ಕ್ಯಾರಿಯರುಗಳನ್ನು ತುಂಬಿ ಕಳುಹಿಸಿ, ಅನಂತರ ಸ್ನಾನ ಮಾಡಿ ಒಲೆಯ ಮುಂದೆ ನಿಂತಳು. ಮಧ್ಯಾಹ್ನ ಬಂದ ಅಪ್ಪಯ್ಯ ಟೈಪ್ ಮಾಡಿದ ಹಾಳೆಯನ್ನು ಕೈಯಲ್ಲಿ ಹಿಡಿದು ಒಂದೊಂದನ್ನೇ ಗುರುತು ಹಾಕಿಕೊಂಡರು. ಮೇಜಿನ ಮೇಲಿದ್ದುದನ್ನೆಲ್ಲ ನಾವಿಬ್ಬರೂ ಮಲಗುವ ಕೋಣೆಗೆ ಸಾಗಿಸಿದೆವು. ಹಾಳೆಯಲ್ಲಿ ಎಷ್ಟು ಮಂದಿ ಎಂದಿರಲಿಲ್ಲವಾದ್ದರಿಂದ ಮೇಜು ಗೋಡೆಗೆ ಒತ್ತಿಕೊಂಡೇ ಉಳಿಯಿತು. ಅಪ್ಪಯ್ಯ ಅದರ ಮುಂದೆ ಒಂದು ಕುರ್ಚಿ ಇಟ್ಟು, ಒರೆಸಿ, ಒಂದು ತಟ್ಟೆ, ತಟ್ಟೆಯ ಮೇಲೆ ಒಂದು ಎಲೆ, ಪಕ್ಕದಲ್ಲಿ ಆ ಹಾಳೆಯನ್ನು ಇಟ್ಟರು. ಉಳಿದ ಮೂರು ಕುರ್ಚಿಗಳು ಬಟ್ಟೆಗಳ ಜೊತೆ ಒಳಗೆ ಹೋದವು.

ಸಂಜೆ ಏಳಕ್ಕೆ ಸಾಹೇಬರು ಬಂದರು. ಅವರ ಕೈಯಲ್ಲಿ ಒಂದು ಸಣ್ಣ ತಗಡಿನ ಡಬ್ಬಿಯಿತ್ತು, ಅದರ ಮೇಲೆ ಕೆಂಪು ಹಣ್ಣಿನ ಚಿತ್ರ. ಅವರ ಊರಿನ ಸಾಸ್, ಇಲ್ಲಿ ಸಿಗುವುದು ಅಪರೂಪ, ಹುಡುಕಿ ತಂದೆ ಎಂದರು. ಅಪ್ಪಯ್ಯ ಅದನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು ಫ್ರಿಜ್ಜಿನ ಮೇಲೆ, ದೇವರ ಪಟದ ಪಕ್ಕದಲ್ಲಿ ಇಟ್ಟರು. ಕೊಟ್ಟವರ ಮುಂದೆಯೇ ಉಡುಗೊರೆಯನ್ನು ಬಿಚ್ಚುವುದು ನಮ್ಮಲ್ಲಿ ಮರ್ಯಾದೆಯಲ್ಲ. ಊಟದ ನಡುವೆ ಸಾಹೇಬರು ಎರಡು ಬಾರಿ ಫ್ರಿಜ್ಜಿನ ಕಡೆ ನೋಡಿದರು.

ಅವರು ಕುರ್ಚಿಯಲ್ಲಿ ಕುಳಿತಾಗ ಅವರ ಮುಖದೆದುರು ಒಂದು ಮೊಳ ದೂರದಲ್ಲಿ ಗೋಡೆಯಿತ್ತು. ಅಪ್ಪಯ್ಯ ಅವರ ಬಲಕ್ಕೆ ನಿಂತರು, ನಾನು ಎಡಕ್ಕೆ. ಸಾಹೇಬರು ಹಿಂದಕ್ಕೆ ತಿರುಗಿ, ನಿಮ್ಮ ತಟ್ಟೆಗಳೆಲ್ಲಿ ಎಂದು ಕೇಳಿದರು.

ಅಪ್ಪಯ್ಯ ತಮ್ಮ ಜಾಗರೂಕ ಇಂಗ್ಲಿಷಿನಲ್ಲಿ, ತಾವು ಮೊದಲು ಸರ್, ನಾವು ಆಮೇಲೆ ಎಂದರು. ನೀವೂ ಕುಳಿತುಕೊಳ್ಳಿ ಎಂದರು ಸಾಹೇಬರು. ಇಲ್ಲ ಸರ್, ನಮಗೆ ಹೀಗೆಯೇ ಆರಾಮ ಎಂದರು ಅಪ್ಪಯ್ಯ. ಮನೆಗೆ ಬಂದ ದೊಡ್ಡವರ ಎದುರು ಕುಳಿತು ಉಣ್ಣುವುದು ಅವರಿಗೆ ಊಹೆಗೂ ನಿಲುಕದ ಮಾತು. ನಿಂತು ಬಡಿಸುವುದೇ ಅವರಿಗೆ ಗೊತ್ತಿದ್ದ ಗೌರವ.

ಹುಳಿಯನ್ನು ತರಲೆಂದು ನಾನು ಅಡುಗೆಮನೆಗೆ ಹೋದಾಗ ಅಪ್ಪಯ್ಯನೂ ಹಿಂದೆಯೇ ಬಂದರು. ಅಮ್ಮ ಪಾಯಸದ ಪಾತ್ರೆಯ ಮೇಲೆ ಕೈಯಿಟ್ಟು ನಿಂತಿದ್ದಳು.

“ಹ್ವಾಯ್, ನಮ್ ಎಲೆ ಹಾಕ್ಲಿಲ್ಯಾ?” ಎಂದು ಪಿಸುಗುಟ್ಟಿದಳು.

“ಕಾಗ್ದದಲ್ಲ್ ಹಾಂಗಿಲ್ಲ ಮಾರಾಯ್ತಿ. ಅವ್ರಿಗ್ ಒಬ್ರಿಗೇ.”

“ಅವ್ರ್ ಪದ್ಧತಿ ಹಾಂಗಾ?”

ಅಮ್ಮ ನನ್ನ ಮುಖ ನೋಡಿದಳು. ಅಪ್ಪಯ್ಯನೂ ನೋಡಿದರು. ಆ ಕ್ಷಣದಲ್ಲಿ ನನ್ನ ಕಣ್ಣ ಮುಂದೆ ಪತ್ರಿಕೆಯ ಚಿತ್ರವಿತ್ತು, ಮೇಜಿನ ಸುತ್ತಲಿನ ಹನ್ನೊಂದು ಮಂದಿ ಇದ್ದರು. ಇಲ್ಲ, ಎಲ್ಲರೂ ಕೂರಬೇಕು, ಅಮ್ಮ ಬರೆದದ್ದನ್ನು ನಾನೇ ಬಿಟ್ಟೆ ಎಂದು ಹೇಳಲು ಬೇಕಾಗಿದ್ದುದು ಒಂದೇ ಉಸಿರು. ಮೇಜನ್ನು ಎಳೆಯಲು ಎರಡು ನಿಮಿಷ ಸಾಕಿತ್ತು. ಆದರೆ ನನ್ನ ಐದನೆಯ ಪ್ರತಿಯಲ್ಲಿ ತಪ್ಪಿದೆ ಎಂದು ನಾನೇ ಹೇಳಬೇಕಾಗಿತ್ತು. ನಾನು ಹುಳಿಯ ಪಾತ್ರೆಯನ್ನು ಎತ್ತಿಕೊಂಡು ಹೊರಗೆ ಬಂದೆ.

ಅಮ್ಮ ಅದನ್ನು ಹೌದೆಂದೇ ತಿಳಿದಳು. ಪಾಯಸವನ್ನು ಮಾತ್ರ ಅವಳು ಹೊರಗೆ ಕಳುಹಿಸಲಿಲ್ಲ. ಒಟ್ಟಿಗೆ ಕುಳಿತು, ಕೇಳಿ ಉಣ್ಣಬೇಕಾದ ಹೊಸ ಅಕ್ಕಿಯನ್ನು ಒಬ್ಬರಿಗೆ ಬಡಿಸುವುದು ಅವಳಿಂದ ಆಗಲಿಲ್ಲ. ಹೀಗಾಗಿ ಹಾಳೆಯ ಕೊನೆಯ ಪದಾರ್ಥ ಸಾಹೇಬರ ಎಲೆಗೆ ಬೀಳಲೇ ಇಲ್ಲ. ಅವರು ಹಾಳೆಯನ್ನು ಓದಿದ್ದರು, ಆದರೂ ಕೇಳಲಿಲ್ಲ.

ಅವರು ನಿಧಾನವಾಗಿ ಉಂಡರು. ಪ್ರತಿಯೊಂದೂ ಚೆನ್ನಾಗಿದೆ ಎಂದರು. ಮೈಮೂನಕ್ಕನ ಕೋಳಿಯನ್ನು ಎರಡನೆಯ ಬಾರಿ ಹಾಕಿಸಿಕೊಂಡರು. ಅಮ್ಮ ಅಡುಗೆಮನೆಯ ಬಾಗಿಲಿನಿಂದ, ಅಪ್ಪಯ್ಯ ಬಲದಿಂದ, ನಾನು ಎಡದಿಂದ ಅವರ ಕೈಯನ್ನೇ ನೋಡುತ್ತಿದ್ದೆವು. ಒಂದು ವಿಮಾನ ದಾಟಿತು. ನಾವು ಮೂವರೂ ಅಭ್ಯಾಸದಂತೆ ಸುಮ್ಮನಿದ್ದೆವು, ಆದರೆ ಅದು ದಾಟಿದ ಮೇಲೆ ಮುಂದುವರಿಸಲು ಮಾತಿರಲಿಲ್ಲ. ಆ ಮೌನವನ್ನು ತುಂಬಲೆಂದು ಅಪ್ಪಯ್ಯ ನನ್ನ ಭುಜ ತಟ್ಟಿದರು.

“ಮಗಾ, ಹಬ್ಬದ್ದ್ ಕಲ್ತದ್ದ್ ಹೇಳ್ ಕಾಂಬ.”

ನಾನು ಕೈಗಳನ್ನು ಹಿಂದೆ ಕಟ್ಟಿ, ಶಾಲೆಯ ಪ್ರಾರ್ಥನೆಗೆ ನಿಂತಂತೆ ನಿಂತು, ವಾರಗಟ್ಟಲೆ ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದೆ. ಈ ದಿನ ಕುಟುಂಬದವರೆಲ್ಲರೂ ಒಂದೇ ಮೇಜಿನ ಸುತ್ತ ಕುಳಿತು, ವರ್ಷದ ಬೆಳೆಗಾಗಿ ಕೃತಜ್ಞತೆ ಹೇಳಿ, ಒಟ್ಟಿಗೆ ಊಟ ಮಾಡುತ್ತಾರೆ ಎಂಬಲ್ಲಿಗೆ ಅದು ಮುಗಿಯುತ್ತಿತ್ತು. ಒಂದು ಪದವೂ ತಪ್ಪಲಿಲ್ಲ, ಉಚ್ಚಾರಣೆಯೂ ತಪ್ಪಲಿಲ್ಲ.

ಸಾಹೇಬರು ಚಮಚವನ್ನು ಕೆಳಗಿಟ್ಟರು.

“ಸರಿಯಾಗಿ ಹೇಳಿದೆ,” ಎಂದರು. “ಹಾಗೆಯೇ ಮಾಡುತ್ತೇವೆ.”

ಬಳಿಕ ತಲೆ ತಗ್ಗಿಸಿ ಎಲೆಯ ಮೇಲಿನ ಕಡುಬಿನ ಉಳಿದ ತುಂಡನ್ನು ತಿಂದರು. ಎಂಟಕ್ಕೆ ಮುಂಚೆಯೇ ಎದ್ದು ಅಮ್ಮನಿಗೆ ಎರಡೂ ಕೈ ಮುಗಿದು, ಕಷ್ಟ ಕೊಟ್ಟೆ ಎಂದು ಹೇಳಿ ಹೊರಟರು. ಅಪ್ಪಯ್ಯ ಕೆಳಗಿನವರೆಗೆ ಹೋಗಿ ಬಂದವರು ಮೊದಲ ಬಾರಿಗೆ ಸಡಿಲವಾಗಿ ನಕ್ಕರು.

“ಒಂದೂ ಹೆಚ್ಚುಕಮ್ಮಿ ಆಯ್ಲಿಲ್ಲ ಕಾಣ್. ಎಲ್ಲ ಹೆಣ್ಣಿನ ಪಟ್ಟಿದ್ ಪುಣ್ಯ.”

ಅಮ್ಮ ಫ್ರಿಜ್ಜನ್ನು ತೆರೆದು ಒದ್ದೆ ಬಟ್ಟೆಯ ಸುರುಳಿಯೊಂದನ್ನು ಹೊರತೆಗೆದಳು. ಅದರೊಳಗೆ ಅಳತೆಗೆ ಕತ್ತರಿಸಿದ ಮೂರು ಬಾಳೆಲೆಗಳಿದ್ದವು. ಅವನ್ನು ಅಡುಗೆಮನೆಯ ನೆಲದ ಮೇಲೆ ಸಾಲಾಗಿ ಹಾಕಿ, ತಣ್ಣಗಾದ ಅನ್ನವನ್ನೂ ಪಾಯಸವನ್ನೂ ಬಡಿಸಿದಳು. ಅಮ್ಮ ಅಪ್ಪಯ್ಯನ ಕಡೆ ತಿರುಗಿ ‘ಹೊಸ್ತ್ ಉಂತೆ’ ಎಂದಳು. ಅಪ್ಪಯ್ಯ ‘ಉಣ್ಣ್’ ಎಂದರು. ನಾನು ಅಪ್ಪಯ್ಯನನ್ನು ಕೇಳಿ, ಅಮ್ಮನ ಕಡೆ ತಿರುಗಿದೆ. ಅವಳು ಸುಸ್ತಾಗಿ ಗೋಡೆಗೆ ಒರಗಿದ್ದಳು. ನನ್ನ ಮಾತು ಮುಗಿಯುವ ಮೊದಲೇ ‘ಉಣ್ಣ್ ಮಗಾ’ ಎಂದಳು. ಪಾಯಸ ಒಳ್ಳೆಯದಾಗಿತ್ತು.

ಶನಿವಾರ ಅಪ್ಪಯ್ಯ ತಮ್ಮ ಶಿಫಾರಸು ಪತ್ರವನ್ನು ತಾವೇ ಟೈಪ್ ಮಾಡಿ ಸಾಹೇಬರ ಮುಂದಿಟ್ಟರು. ಅವರು ಓದಿ, ಒಂದು ಅಕ್ಷರವನ್ನೂ ಬದಲಿಸದೆ ಸಹಿ ಹಾಕಿದರಂತೆ. ಊಟದ ಸುದ್ದಿಯನ್ನು ಎತ್ತಲಿಲ್ಲವಂತೆ. ಒಂದು ವರ್ಷದ ವೀಸಾ ಬಂತು. ಅಪ್ಪಯ್ಯ ನನಗೆ ಹೊಸ ಪೆನ್ನೊಂದನ್ನು ತಂದುಕೊಟ್ಟರು. ತಪ್ಪನ್ನು ಅಂದವಾಗಿ ಬರೆದು, ಸುಮ್ಮನಿದ್ದರೆ ಮನೆ ಉಳಿಯುತ್ತದೆ ಎಂಬುದು ಆ ಪೆನ್ನಿನೊಡನೆ ನನಗೆ ಸಿಕ್ಕ ಪಾಠ. ಶಾಲೆಯಲ್ಲಿ, ಕಾಲೇಜಿನಲ್ಲಿ, ಅನಂತರ ಕುಳಿತ ಪ್ರತಿಯೊಂದು ಕಚೇರಿಯಲ್ಲಿ ನಾನು ಹಾಗೆಯೇ ನಡೆದುಕೊಂಡೆ. ಜನ ನನ್ನನ್ನು ಅಚ್ಚುಕಟ್ಟಿನವಳು ಎಂದರು. ಆ ಅಚ್ಚುಕಟ್ಟು ಎಷ್ಟು ಆಯಾಸದ್ದು ಎಂಬುದನ್ನು ಹೇಳಿಕೊಳ್ಳುವ ಸಂದರ್ಭ ಬರಲಿಲ್ಲ.

ಮರುವರ್ಷ ನವೆಂಬರ್ ಬಂದಾಗ ಪತ್ರದ ಅಗತ್ಯ ಮತ್ತೆ ಬಂತು. ಅಪ್ಪಯ್ಯ ಅದೇ ಹಾಳೆಯನ್ನು ಜೋಪಾನದಿಂದ ಹೊರತೆಗೆದು, ಇದೇ ಊಟ, ಇದೇ ಕ್ರಮ ಎಂದು ಹೇಳಿ ಸಾಹೇಬರನ್ನು ಕರೆದರು. ಅವರ ಹೆಂಡತಿ ಆ ವರ್ಷವೂ ಬಂದಿರಲಿಲ್ಲ. ಸಾಹೇಬರು ಬಹಳ ವಿನಯದಿಂದ, ಬೇರೆಡೆ ಕರೆದಿದ್ದಾರೆ ಎಂದರು. ಪತ್ರಕ್ಕೆ ಮಾತ್ರ ಅಲ್ಲಿಯೇ ಸಹಿ ಹಾಕಿಕೊಟ್ಟರು. ಅಪ್ಪಯ್ಯನಿಗೆ ಸಹಿ ಸಾಕಿತ್ತು.

ಹಬ್ಬದ ಗುರುವಾರ ಕಳೆದು ಎರಡು ದಿನಗಳ ಮೇಲೆ, ಖಾಲಿ ಕ್ಯಾರಿಯರುಗಳನ್ನು ಒಪ್ಪಿಸಲು ಬಂದ ಹಮೀದಣ್ಣ ಬಾಗಿಲಲ್ಲಿ ನಿಂತು ಮಾತಿಗೆ ಮಾತು ಬಂದು ಹೇಳಿದರು:

“ಹಬ್ಬದ ದಿನ ಸಂಜೆ ನಾನೇ ಹೋದದ್ದು ಸಾಹೇಬ್ರ ಫ್ಲಾಟಿಗೆ, ಫೈಲು ಕೊಡ್ಲಿಕ್ಕೆ. ಎಲ್ಲಿಗೂ ಹೋಗ್ಲಿಲ್ಲ ಗಿರಿಜಕ್ಕ ಅವರು. ನಿಂತುಕೊಂಡೇ ಆಮ್ಲೆಟ್ ಮಾಡ್ತಾ ಇದ್ರು ಪಾಪ, ಒಬ್ರೇ.”

ಅಮ್ಮ ಹೆರೆಮಣೆಯ ಮೇಲೆ ಕುಳಿತು ತೆಂಗಿನಕಾಯಿ ಹೆರೆಯುತ್ತಿದ್ದಳು. ಹಮೀದಣ್ಣ ಹೋಗುವವರೆಗೂ ಅವಳ ಕೈ ನಿಲ್ಲಲಿಲ್ಲ. ಅವರ ಹೆಜ್ಜೆ ಮೆಟ್ಟಿಲಿನಲ್ಲಿ ಇಳಿದ ಮೇಲೆ ಕೈ ನಿಂತಿತು.

“ಆ ಕಾಗ್ದ ತಕಂಡ್ ಬಾ.”

ನಾನು ತಂದೆ. ಅವಳು ತೆಂಗಿನ ಹಾಲು ತಾಗದಂತೆ ಕೈ ಒರೆಸಿಕೊಂಡು, ತನಗೆ ಓದಲಾಗದ ಆ ಸಾಲುಗಳ ಮೇಲೆ ಬೆರಳು ಇಳಿಸುತ್ತ ಹೋದಳು. ಪಾಯಸದ ಸಾಲು ಮುಗಿದು ನಾನೆಳೆದಿದ್ದ ಗೆರೆಯನ್ನು ಅಪ್ಪಯ್ಯ ಯಂತ್ರದಲ್ಲಿ ಮೂಡಿಸಿದ್ದ ಜಾಗದಲ್ಲಿ ಬೆರಳು ನಿಂತಿತು.

“ಇದ್ರಲ್ಲ್ ಎಲೆ ಎಲ್ಲ್ ಬರ್ದಿದೆ?”

ಒಂದು ವರ್ಷದಿಂದ ಆ ಪ್ರಶ್ನೆಗೆ ನಾನು ಹಲವು ಉತ್ತರಗಳನ್ನು ಸಿದ್ಧಪಡಿಸಿಕೊಂಡಿದ್ದೆ. ಎಲ್ಲವೂ ವ್ಯಾಕರಣದ ದೃಷ್ಟಿಯಿಂದ ನಿರ್ದುಷ್ಟವಾಗಿದ್ದವು.

“ಬರೀಲಿಲ್ಲ,” ಎಂದೆ.

ಅವಳು ಬೈಯಲಿಲ್ಲ. ಫ್ರಿಜ್ಜಿನ ಮೇಲೆ ದೇವರ ಪಟದ ಪಕ್ಕದಲ್ಲಿ ಇನ್ನೂ ಬಿಚ್ಚದೆ ಕುಳಿತಿದ್ದ ಆ ಸಣ್ಣ ಡಬ್ಬಿಯನ್ನು ಸ್ವಲ್ಪ ಹೊತ್ತು ನೋಡಿದಳು. ಬಳಿಕ ಹಾಳೆಯನ್ನು ನನ್ನ ಕಡೆ ಸರಿಸಿದಳು.

“ಈಗ ಬರಿ.”

“ಈಗ ಯಾರ್ ಬತ್ರ್ ಅಮ್ಮಾ?”

“ಯಾರೂ ಬತ್ತಿಲ್ಲ. ನೀನ್ ಬರಿ.”

ನಾನು ಅಪ್ಪಯ್ಯ ಕೊಟ್ಟ ಪೆನ್ನನ್ನು ತಂದು, ಗೆರೆಯ ಕೆಳಗೆ, ಕನ್ನಡದಲ್ಲಿ, ‘ಎಲೆ ನಾಲ್ಕು’ ಎಂದು ಬರೆದೆ. ಅಮ್ಮ ಬಗ್ಗಿ ಅದನ್ನು ಒಮ್ಮೆ ಓದಿದಳು. ಆ ಹಾಳೆಯಲ್ಲಿ ಅವಳು ಓದಬಹುದಾಗಿದ್ದುದು ಅದೊಂದೇ ಸಾಲು. ಅನಂತರ ಮರುದಿನದ ಎಂಟು ಕ್ಯಾರಿಯರುಗಳಿಗೆ ಸಾಲುವಷ್ಟು ತುರಿ ಇನ್ನೂ ಆಗಿಲ್ಲವೆಂದು ಹೇಳಿ, ಕಾಯಿಯ ಇನ್ನೊಂದು ಕಡಿಯನ್ನು ಕೈಗೆತ್ತಿಕೊಂಡಳು.